ಪಂಚ್ ಆದ ಮೇಲೆ ಹೊಲಿದಿದ್ದಕ್ಕೆ ದುಡ್ಡು ಸಿಗುತ್ತಾ?

ಪ್ರಶ್ನೆ: ಅಕ್ಕಾ, ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಸಂಬಳ ತಿಂಗಳಿಗೆ 13,000. ಶಿಪ್‌ಮೆಂಟ್ ಇದೆ ಅಂತ ಈ ವರ್ಷ ಜನವರಿ, ಫೆಬ್ರವರಿಯಲ್ಲಿ 40 ದಿನ ಐದೂವರೆಗೆ ಮನೆಗೆ ಹೊರಟ ಹಾಗೆ ಹಾಜರಿ ಮೆಷಿನ್‌ನಲ್ಲಿ ಪಂಚ್ ಮಾಡಿಸಿ, ಮತ್ತೆ ಏಳೂವರೆವರೆಗೆ ಹೊಲಿಸಿದರು. ಅದಕ್ಕೆ ಒಂದು ರೂಪಾಯಿ ಕೊಟ್ಟಿಲ್ಲ. ಮಾರ್ಚ್‌ನಲ್ಲಿ ಕೆಲಸ ಬಿಟ್ಟೆ. ಕೊನೆಯ 12 ದಿನದ ಸಂಬಳವೂ ಬಂದಿಲ್ಲ. 'ಪಂಚ್‌ನಲ್ಲಿ ಓಟಿ (ಹೆಚ್ಚಿನ ಹೊತ್ತಿನ ಕೆಲಸ) ಇಲ್ವಲ್ಲಮ್ಮ' ಅಂತಾರೆ. ನನ್ನ ಹತ್ರ ಕಾಗದ ಏನೂ ಇಲ್ಲ. ಕೇಳಬಹುದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ಕೇಳಿ ತಂಗಿ. ನಾನೂ ಹನ್ನೊಂದು ವರ್ಷ ಲೈನ್‌ನಲ್ಲಿ ಕಾಲರ್ ಹೊಲಿದವಳು. ಇದೇ ಮಾತು ಕೇಳಿ ಸುಮ್ನೆ ಮನೆಗೆ ಬಂದಿದ್ದೆ. ಆ ನೋವು ಇನ್ನೂ ಇದೆ.

ಮೊದಲು ಲೆಕ್ಕ ಹಾಕೋಣ. 13,000ವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 500. ಎಂಟು ಗಂಟೆ ಕೆಲಸ ಅಂದರೆ ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ ಎರಡು ಪಟ್ಟು ಕೊಡಬೇಕು, ಅಂದರೆ 125. ನಿಮ್ಮದು 80 ಗಂಟೆ, 10,000 ರೂಪಾಯಿ. ಬಾಕಿ ಸಂಬಳ 6,000. ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ಆ ಸಂಬಳ ನಿಮ್ಮ ಕೈ ಸೇರಬೇಕಿತ್ತು.

2025ರ ನವೆಂಬರ್ 21ರಿಂದ ವೇತನ ಸಂಹಿತೆ ಅನ್ನೋ ಸಂಬಳದ ಕಾನೂನು ಜಾರಿಯಲ್ಲಿದೆ. ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಸಂಬಳ ಕೊಟ್ಟಿದ್ದೇವೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರು, ನೀವಲ್ಲ.

ಆದರೆ ಏಳೂವರೆವರೆಗೆ ಒಳಗಿದ್ದೆ ಅನ್ನೋದನ್ನು ನೀವು ತೋರಿಸಬೇಕಾಗುತ್ತೆ. ಕಾಗದ ಇಲ್ಲ ಅಂದ್ರಲ್ಲ, ಬ್ಯಾಗಿನ ತಳ ನೋಡಿದ್ರಾ? ಶಕ್ತಿ ಯೋಜನೆಯ ಉಚಿತ ಬಸ್ ಟಿಕೆಟ್ ಅಲ್ಲಿ ಮುದುಡಿ ಬಿದ್ದಿರುತ್ತೆ. ಅದರಲ್ಲಿ ದಿನಾಂಕ, ಟೈಮ್ ಎರಡೂ ಇರುತ್ತೆ. ಐದೂವರೆಗೆ ಬಿಟ್ಟವಳು ಎಂಟು ಗಂಟೆಗೆ ಯಾಕೆ ಬಸ್ ಹತ್ತಿದಳು? ಈ ಪ್ರಶ್ನೆಗೆ ಅವರು ಉತ್ತರ ಕೊಡಲಿ. 'ಇವತ್ತು ಲೇಟು, ಮಗುಗೆ ಊಟ ಹಾಕಿ' ಅಂತ ಮನೆಗೆ ಕಳಿಸಿದ ಮೆಸೇಜನ್ನೂ ಅಳಿಸಬೇಡಿ. ಪಕ್ಕದ ಮೆಷಿನ್‌ನವರು ಜೊತೆಗೆ ಬಂದರೆ ಎಲ್ಲರೂ ಸೇರಿ ಒಂದೇ ಅರ್ಜಿ ಕೊಡಬಹುದು. ಕೆಲಸದಲ್ಲಿ ಇರುವವರಿಗೆ ಹೆದರಿಕೆ ಇರುತ್ತೆ, ಬಲವಂತ ಮಾಡಬೇಡಿ. ಬಿಟ್ಟವರನ್ನು ಕೇಳಿ.

ಅರ್ಜಿ ಕಾರ್ಮಿಕ ಇಲಾಖೆಗೆ. ಎಲ್ಲಿ ಕೊಡಬೇಕು ಅಂತ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಒಂದು ಎಚ್ಚರ. 6,000 ಕೊಡ್ತೀವಿ ಬನ್ನಿ ಅಂತ ಕರೆದು 'ಲೆಕ್ಕ ಪೂರ್ತಿ ಚುಕ್ತಾ' ಅನ್ನೋ ಕಾಗದಕ್ಕೆ ಸಹಿ ಕೇಳಬಹುದು. '12 ದಿನದ ಸಂಬಳ ಮಾತ್ರ ಬಂದಿದೆ, ಓಟಿ ಬಾಕಿ' ಅಂತ ಬರೆದೇ ಸಹಿ ಹಾಕಿ. ಬಸ್ ಟಿಕೆಟ್‌ನ ಅಕ್ಷರ ಬೇಗ ಅಳಿಸಿಹೋಗುತ್ತೆ, ಇವತ್ತು ರಾತ್ರಿಯೇ ಫೋಟೋ ತೆಗೆದಿಡಿ.