ಶುಂಠಿ ಬೆಳೆದ ಹೊಲದಲ್ಲಿ ಕ್ಯಾರೆಟ್, ಕೊತ್ತಂಬರಿ ಹಾಕಿದರೆ ಹಳೇ ಔಷಧಿ ತರಕಾರಿಗೆ ಬರುತ್ತಾ?

ಬರಬಹುದು. ಹಾಸನದ ಕಡೆ ಶುಂಠಿಗೆ ಗುತ್ತಿಗೆ ಕೊಟ್ಟಿದ್ದ ಹೊಲ ಈಗಷ್ಟೇ ಕೈಗೆ ಬಂದಿದೆ, ಕ್ಯಾರೆಟ್ ಮತ್ತು ಕೊತ್ತಂಬರಿ ಹಾಕೋಣ ಅಂತಿದೀನಿ ಅಂದಿದ್ದೀರಿ. ಮೊದಲ ವರ್ಷ ನಾನು ಬೇಡ ಅನ್ನೋದು ಸರಿಯಾಗಿ ಅವೆರಡನ್ನೇ.

ನಾನು ಆಹಾರದಲ್ಲಿ ಕೀಟನಾಶಕದ ಉಳಿಕೆ ನೋಡುವ ಲ್ಯಾಬಿನಲ್ಲಿದ್ದೀನಿ. ಕ್ಯಾರೆಟ್ ಬಂದರೆ ಮೇಲಿನ ಸೊಪ್ಪು ಕತ್ತರಿಸಿ, ನಲ್ಲಿ ನೀರಲ್ಲಿ ಮೆತ್ತಗೆ ಬ್ರಷ್ ಆಡಿಸಿ ಮಣ್ಣು ತೆಗೀತೀವಿ. ಸಿಪ್ಪೆ ಹೆರೆಯೋ ಹಾಗಿಲ್ಲ, ಸಿಪ್ಪೆ ಸಮೇತ ರುಬ್ಬಬೇಕು. ಶುಂಠಿಗೆ ಹಾಕೋ ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕ ನೀರಲ್ಲಿ ಕರಗೋದು ಬಹಳ ಕಮ್ಮಿ, ಹಾಗಾಗಿ ಗಡ್ಡೆಯ ಸಿಪ್ಪೆಯಲ್ಲೇ ಹೆಚ್ಚು ಕೂರುತ್ತೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಅನ್ನೋ ಕೀಟನಾಶಕಗಳು, ಮೆಟಲಾಕ್ಸಿಲ್ ಅನ್ನೋ ಶಿಲೀಂಧ್ರನಾಶಕ, ಇವುಗಳದ್ದು ಬೇರೆ ದಾರಿ. ಬೇರು ಎಳೆದ ನೀರಿನ ಜೊತೆ ಎಲೆಗೆ ಏರ್ತವೆ, ನೀರು ಆವಿಯಾಗಿ ಹೋಗುತ್ತೆ, ಔಷಧಿ ಎಲೆಯಲ್ಲೇ ಉಳಿಯುತ್ತೆ. ಕೊತ್ತಂಬರಿಯಲ್ಲಿ ನಾವು ತಿನ್ನೋದು ಎಲೆಯನ್ನೇ.

ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಬಾಳೆ ತೋಟಕ್ಕೆ 1993ರವರೆಗೆ ಕ್ಲೋರ್ಡೆಕೋನ್ ಅನ್ನೋ ಕೀಟನಾಶಕ ಹಾಕ್ತಿದ್ದರು. ಇವತ್ತಿಗೂ ಆ ಮಣ್ಣಲ್ಲಿದೆ. ಗೆಣಸು, ಕೆಸುವಿನ ಗಡ್ಡೆಗೆ ಬರುತ್ತೆ, ಅದೇ ಮಣ್ಣಿನ ಬಾಳೆಹಣ್ಣಿಗೆ ಹೆಚ್ಚುಕಡಿಮೆ ಬರಲ್ಲ. ನಿಮ್ಮ ಹೊಲದ ಔಷಧಿಗಳು ಅಷ್ಟು ಹಠಮಾರಿಗಳಲ್ಲ ಬಿಡಿ. ಕ್ಲೋರ್‌ಪೈರಿಫಾಸ್ ಅರ್ಧಕ್ಕೆ ಇಳಿಯೋಕೆ ಸಾಮಾನ್ಯವಾಗಿ 60ರಿಂದ 120 ದಿನ. ಇಮಿಡಾಕ್ಲೋಪ್ರಿಡ್‌ದು ಹೇಳೋದು ಕಷ್ಟ: ಮಣ್ಣು ನೋಡಿಕೊಂಡು ಒಂದೂವರೆ ತಿಂಗಳೂ ಆಗಬಹುದು, ವರ್ಷವೂ ದಾಟಬಹುದು. ಶುಂಠಿಯಲ್ಲಿ ಔಷಧಿಯನ್ನ ಬುಡಕ್ಕೇ ಸುರಿಯೋದು ರೂಢಿ, ಅದಕ್ಕೇ ಎಲೆಗೆ ಹೊಡೆದ ಬೆಳೆಗಿಂತ ಇಲ್ಲಿ ಮಣ್ಣಿಗೆ ಬೀಳೋದು ಜಾಸ್ತಿ.

ಮಾರೋರಿಗೆ ಇನ್ನೊಂದು ತೊಡಕಿದೆ. ಒಂದು ಬೆಳೆಗೆ ಒಂದು ಔಷಧಿಯ ಮಿತಿ ನಿಗದಿಯಾಗಿಲ್ಲ ಅಂದ್ರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಸಾಮಾನ್ಯವಾಗಿ ಹಿಡಿಯೋದು ಕಿಲೋಗೆ 0.01 ಮಿಲಿಗ್ರಾಂ. ಅಂದ್ರೆ ಒಂದು ಟನ್ ಕ್ಯಾರೆಟ್‌ನಲ್ಲಿ 10 ಮಿಲಿಗ್ರಾಂ. ತಿಂದವರಿಗೆ ಅದರಿಂದ ತಕ್ಷಣ ಏನೂ ಆಗಲಿಕ್ಕಿಲ್ಲ, ಆದರೆ ನೀವು ಮುಟ್ಟದೇ ಇದ್ದ ಔಷಧಿಗೆ ನಿಮ್ಮ ಲೋಡು ಫೇಲ್ ಆಗುತ್ತೆ.

ನಾನಾಗಿದ್ರೆ ಮೊದಲು ಗುತ್ತಿಗೆದಾರರಿಗೆ ಫೋನ್ ಮಾಡಿ ಏನೇನು ಹಾಕಿದ್ರು, ಕೊನೇ ಸಲ ಯಾವಾಗ ಅಂತ ಬರೆದುಕೊಳ್ತಿದ್ದೆ. ಅಂಗಡಿ ಬಿಲ್ ಸಿಕ್ಕರೆ ಇನ್ನೂ ಒಳ್ಳೇದು. ಆಮೇಲೆ ಒಂದು ಬೆಳೆ ರಾಗಿ ಅಥವಾ ಮುಸುಕಿನ ಜೋಳ, ಜೊತೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ತರಕಾರಿಯೇ ಬೇಕು ಅಂದ್ರೆ ಹುರುಳಿಕಾಯಿ ನೋಡಿ. ಕಾಯಿಗೆ ಬರೋದು ಎಲೆಗಿಂತ ಸಾಮಾನ್ಯವಾಗಿ ಕಮ್ಮಿ. ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ, ಔಷಧಿ ಕಾರಣಕ್ಕಲ್ಲ: ಶುಂಠಿಗೆ ಬರೋ ಬ್ಯಾಕ್ಟೀರಿಯಾ ಸೊರಗು ರೋಗ ಇವಕ್ಕೂ ಅಂಟುತ್ತೆ.

ಕಳೆನಾಶಕದ ಅನುಮಾನ ಇದ್ದರೆ ಹೊಲದ ಮಣ್ಣು ಒಂದು ಕುಂಡದಲ್ಲಿ, ಔಷಧಿ ಕಾಣದ ಜಾಗದ ಮಣ್ಣು ಇನ್ನೊಂದರಲ್ಲಿ ತುಂಬಿ, ಹಾಕಬೇಕಂತಿರೋ ಬೀಜವನ್ನೇ ಬಿತ್ತಿ ಎರಡು ಮೂರು ವಾರ ನೋಡಿ. ಹೊಲದ ಮಣ್ಣಿನಲ್ಲಿ ಮಾತ್ರ ಸಸಿ ಹಳದಿಯಾದ್ರೆ, ಮುರುಟಿದ್ರೆ ಕಾಯಿರಿ. ಕೀಟನಾಶಕ ಇದೆಯೋ ಇಲ್ಲವೋ ಇದರಲ್ಲಿ ಗೊತ್ತಾಗಲ್ಲ, ಅದಕ್ಕೆ ಲ್ಯಾಬೇ ಬೇಕು. ಲ್ಯಾಬಿಗೆ ಕೊಡುವಾಗ ಬರೆದುಕೊಂಡ ಪಟ್ಟಿಯನ್ನೂ ಕೊಡಿ. ‘ಮಲ್ಟಿ ರೆಸಿಡ್ಯೂ’ (ಒಂದೇ ಸಲಕ್ಕೆ ಹಲವು ಔಷಧಿ ನೋಡೋ ಟೆಸ್ಟ್) ಅಂತ ಬರೆಸಿ ದುಡ್ಡು ಕಟ್ಟಿದರೆ ಶಿಲೀಂಧ್ರನಾಶಕ ಮ್ಯಾಂಕೊಜೆಬ್, ಕಳೆನಾಶಕ ಗ್ಲೈಫೋಸೇಟ್ ಸಾಮಾನ್ಯವಾಗಿ ಅದರಲ್ಲಿ ಬರಲ್ಲ, ಅವಕ್ಕೆ ಬೇರೆ ಟೆಸ್ಟೇ ಮಾಡಬೇಕು.