ಡೇಟಾ ಅನಾಲಿಸಿಸ್ ಕೆಲಸಕ್ಕೆ ಟ್ರೈನಿಯಾಗಿ ಸೇರಬೇಕೋ, ಆನ್‌ಲೈನ್ ಕೋರ್ಸ್ ಮುಗಿಸಿ ನೇರವಾಗಿ ಕೆಲಸ ಹುಡುಕಬೇಕೋ?

ಕಾಮರ್ಸ್ ಪದವಿ ಆಗಿದೆ, ಎಕ್ಸೆಲ್ ಅಷ್ಟಿಷ್ಟು ಬರುತ್ತದೆ, ಕೋಡಿಂಗ್ ಗೊತ್ತಿಲ್ಲ, ಒಂದು ವರ್ಷದ ಟ್ರೈನಿಶಿಪ್‌ಗೆ ಕರೆ ಬಂದಿದೆ ಆದರೆ ಸಂಬಳ ಕಡಿಮೆ ಅಂತ ಬರೆದಿದ್ದೀರಿ. ನಾನೂ ಟ್ರೈನಿಯಾಗಿಯೇ ಈ ಕೆಲಸಕ್ಕೆ ಬಂದವಳು, ಈಗ ಹೊಸಬರ ಕೆಲಸ ನೋಡಿ ತಿದ್ದುವುದು ನನ್ನ ಪಾಲಿಗಿದೆ. ಸೇರಿ ಅಂತಲೇ ಹೇಳುತ್ತೇನೆ. ಆದರೆ ನಿಮ್ಮ ಕ್ವೆರಿ (ಡೇಟಾಬೇಸಿನಿಂದ ಮಾಹಿತಿ ತೆಗೆಯಲು ಬರೆಯುವ ಆದೇಶ) ಓದಿ "ಈ ಸಂಖ್ಯೆ ಎಲ್ಲಿಂದ ಬಂತು?" ಅಂತ ಕೇಳುವವರು ಅಲ್ಲಿರಬೇಕು. ಅಂಥವರಿಲ್ಲದಿದ್ದರೆ ಅದು ಕಡಿಮೆ ಸಂಬಳದ ನೌಕರಿ, ಅಷ್ಟೆ.

ಕ್ವೆರಿ ಬರೆಯುವ ಭಾಷೆ ಎಸ್‌ಕ್ಯೂಎಲ್. ಅದರ ಸೆಲೆಕ್ಟ್ (ಬೇಕಾದ ಮಾಹಿತಿ ಆರಿಸುವುದು), ಗ್ರೂಪ್ ಬೈ (ಗುಂಪು ಮಾಡುವುದು), ಜಾಯಿನ್ (ಎರಡು ಟೇಬಲ್ ಜೋಡಿಸುವುದು) ಇವನ್ನೆಲ್ಲ ಕೋರ್ಸಿನಲ್ಲೇ ಕಲಿಯಬಹುದು. ತೊಂದರೆ ಇರುವುದು ಬೇರೆ ಕಡೆ. ಆರ್ಡರ್‌ಗಳದ್ದು ಒಂದು ಟೇಬಲ್, ಪಾವತಿಗಳದ್ದು ಇನ್ನೊಂದು ಅಂದುಕೊಳ್ಳಿ. ಒಂದು ಆರ್ಡರಿನ ಮೊತ್ತ 1,000. ಗ್ರಾಹಕರು ಅದನ್ನು 600, 400 ಅಂತ ಎರಡು ಕಂತಿನಲ್ಲಿ ಕಟ್ಟಿದ್ದಾರೆ. ಎರಡೂ ಟೇಬಲ್ ಜಾಯಿನ್ ಮಾಡಿದರೆ ಆ ಆರ್ಡರ್ ಎರಡು ಸಾಲಾಗುತ್ತದೆ. ಆಗ ಆರ್ಡರ್ ಮೊತ್ತ ಕೂಡಿದರೆ ಬರುವುದು 2,000. ಎರರ್ ಏನೂ ಬರುವುದಿಲ್ಲ, ಚಾರ್ಟ್ ಕೂಡ ಚೆನ್ನಾಗಿಯೇ ಕಾಣುತ್ತದೆ. ಇದನ್ನು ಸರಿಮಾಡಲು ಹೊಸಬರು ಮೊತ್ತ ಕೂಡುವ ಸಮ್ ಒಳಗೆ ಡಿಸ್ಟಿಂಕ್ಟ್ ಹಾಕುತ್ತಾರೆ, ಅಂದರೆ ಒಂದೇ ಸಂಖ್ಯೆ ಮತ್ತೆ ಬಂದರೆ ಒಮ್ಮೆ ಮಾತ್ರ ಹಿಡಿ ಅಂತ. ಆಗ ಬೇರೆ ಬೇರೆ ಎರಡು ಆರ್ಡರ್‌ಗಳ ಮೊತ್ತ ಒಂದೇ ಆಗಿದ್ದರೆ ಅದರಲ್ಲೊಂದು ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ! ಮೊದಲು ಪಾವತಿಗಳನ್ನು ಆರ್ಡರ್‌ವಾರು ಕೂಡಿ, ಒಂದು ಆರ್ಡರಿಗೆ ಒಂದೇ ಸಾಲು ಮಾಡಿಕೊಂಡು, ಆಮೇಲೆ ಜಾಯಿನ್ ಮಾಡಬೇಕು. "ಜಾಯಿನ್‌ಗೆ ಮುಂಚೆ ಎಷ್ಟು ಸಾಲಿತ್ತು, ಆಮೇಲೆ ಎಷ್ಟಾಯಿತು?" ಅಂತ ಪಕ್ಕದಲ್ಲಿ ಕೂತು ನಾಲ್ಕು ಸಲ ಯಾರಾದರೂ ಕೇಳಿದರೆ, ಐದನೇ ಸಲ ನೀವೇ ಕೇಳಿಕೊಳ್ಳುತ್ತೀರಿ. ವಿಡಿಯೋ ನೋಡಿ ಈ ಅಭ್ಯಾಸ ಬಂದವರನ್ನು ನಾನಂತೂ ಕಂಡಿದ್ದು ಕಡಿಮೆ.

ಕಾಮರ್ಸ್ ಓದಿದ್ದೀರಿ ಅಂತ ಹಿಂಜರಿಯಬೇಡಿ. ಲೆಕ್ಕ ತಾಳೆಯಾಗುವವರೆಗೆ ಬಿಡದ ಬುದ್ಧಿ ಈ ಕೆಲಸಕ್ಕೆ ದೊಡ್ಡ ಬಂಡವಾಳ. ನಾನು ನೋಡಿದ ಹಾಗೆ ಕೋಡ್ ಬರೆಯುವವರಿಗೇ ಅದನ್ನು ಕಲಿಸುವುದು ಕಷ್ಟ.

ಎಕ್ಸೆಲ್ ಅನ್ನು ಹಗುರವಾಗಿ ನೋಡುವುದೂ ಬೇಡ, ಪೂರ್ತಿ ನಂಬುವುದೂ ಬೇಡ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಲ್ಯಾಬ್‌ಗಳಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೆಯ ಫೈಲ್ ಮಾದರಿಗೆ ತುಂಬುತ್ತಿದ್ದರು, ಅದರ ಒಂದು ಶೀಟಿನಲ್ಲಿ ಹಿಡಿಯುವುದು 65,536 ಸಾಲು ಮಾತ್ರ. ಹೊಸ ಮಾದರಿಯಲ್ಲಿ 10,48,576 ಸಾಲು ಹಿಡಿಯುತ್ತವೆ. ಬಂದ ಸಾಲು ಎಷ್ಟು, ಸೇರಿದ ಸಾಲು ಎಷ್ಟು ಅಂತ ಹೋಲಿಸಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಇನ್ನು ಒಪ್ಪಿಕೊಳ್ಳುವ ಮುಂಚೆ ಏನು ಕೇಳಬೇಕು ಅನ್ನುವುದು. ನನ್ನ ಕೆಲಸ ಯಾರು ನೋಡುತ್ತಾರೆ, ವಾರಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಮೊದಲು ಕೇಳಿ. "ಇಡೀ ಟೀಮ್ ಇದೆಯಲ್ಲ" ಅಂದರೆ ಯಾರೂ ಇಲ್ಲ ಅಂತಲೇ ಅರ್ಥ. ನಿಜವಾದ ಡೇಟಾಬೇಸ್ ಯಾವ ತಿಂಗಳಿಂದ ಕೈಗೆ ಸಿಗುತ್ತದೆ ಅಂತ ಕೇಳಿ, ವರ್ಷವಿಡೀ ಯಾರೋ ಮಾಡಿಟ್ಟ ಡ್ಯಾಶ್‌ಬೋರ್ಡಿನ (ಚಾರ್ಟ್‌ಗಳನ್ನು ಒಟ್ಟಿಗೆ ತೋರಿಸುವ ಪುಟ) ಬಣ್ಣ ಬದಲಿಸುತ್ತ ಕೂತರೆ ಏನೂ ಬರುವುದಿಲ್ಲ. ಹಿಂದಿನ ಬ್ಯಾಚಿನವರಲ್ಲಿ ಎಷ್ಟು ಜನ ಅಲ್ಲೇ ಉಳಿದರು, ಸಾಧ್ಯವಾದರೆ ಅವರಲ್ಲೊಬ್ಬರ ಜೊತೆ ಮಾತಾಡಬಹುದೇ ಅಂತಲೂ ಕೇಳಿ. ಮಧ್ಯೆ ಬಿಟ್ಟರೆ ಹಣ ಕಟ್ಟಬೇಕು ಅನ್ನುವ ಷರತ್ತಿದ್ದರೆ ಸಹಿಗೆ ಮುಂಚೆ ಪೂರ್ತಿ ಓದಿ. ನಿಮ್ಮಿಂದಲೇ ಶುಲ್ಕ ಕೇಳಿದರೆ ಅದು ಕೋರ್ಸ್, ಹೆಸರು ಏನೇ ಇಟ್ಟಿರಲಿ.

ಸೇರುವಷ್ಟರಲ್ಲಿ ಎಸ್‌ಕ್ಯೂಎಲ್ ಶುರುಮಾಡಿ. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಉಚಿತ, ಕಲಿಯುವುದಕ್ಕೆ ಧಾರಾಳ ಸಾಕು. ಪೈಥಾನ್ ಆಮೇಲೆ. ಮಶೀನ್ ಲರ್ನಿಂಗ್ ಅಂತೂ ಒಂದು ವರ್ಷ ಕಾದರೂ ಎಲ್ಲೂ ಓಡಿಹೋಗುವುದಿಲ್ಲ. ಸೇರಿದ ಮೇಲೆ ಯಾವ ವಿಭಾಗ ಬೇಕು ಅಂತ ಕೇಳಿದರೆ ಅಕೌಂಟ್ಸ್ ಅನ್ನಿ. ಎಲ್ಲರೂ ಮಾರ್ಕೆಟಿಂಗ್ ಕಡೆ ಓಡುತ್ತಾರೆ, ಆದರೆ ನಿಮ್ಮ ಸಂಖ್ಯೆ ತಪ್ಪಿದ್ದರೆ ಅದೇ ದಿನ ಹಿಡಿದು ಹೇಳುವವರು ಅಕೌಂಟ್ಸ್‌ನವರು.

"ಆ್ಯಕ್ಟಿವ್ ಗ್ರಾಹಕರ ಸಂಖ್ಯೆ ಕೊಡಿ" ಅಂತ ಯಾರಾದರೂ ಕೇಳಿದ ತಕ್ಷಣ ಕ್ವೆರಿ ಬರೆಯಲು ಕೂರಬೇಡಿ. ಕಳೆದ 90 ದಿನದಲ್ಲಿ ಕೊಂಡವರೋ, ಲಾಗಿನ್ ಆದವರೋ, ಖಾತೆ ಮುಚ್ಚದವರೆಲ್ಲರೋ ಅಂತ ಅವರನ್ನೇ ಕೇಳಿ. ಉತ್ತರವನ್ನು ಕ್ವೆರಿಯ ಮೇಲೆ ಕಮೆಂಟಾಗಿ ಬರೆದಿಡಿ.

ಮುಂದಿನ ಇಂಟರ್‌ವ್ಯೂಗೆ ಕಂಪನಿಯ ಡೇಟಾ ತೋರಿಸುವಂತಿಲ್ಲ. ಹಾಗಾಗಿ ಪ್ರತಿ ದೊಡ್ಡ ಕೆಲಸ ಮುಗಿದಾಗ ಅದೇ ಥರದ ಸಮಸ್ಯೆಯನ್ನು ನೀವೇ ಹುಟ್ಟಿಸಿದ ಡೇಟಾ ಇಟ್ಟುಕೊಂಡು ಮನೆಯಲ್ಲಿ ಮತ್ತೊಮ್ಮೆ ಮಾಡಿ, ಆ ಫೈಲ್ ಜೋಪಾನವಾಗಿ ಇಟ್ಟುಕೊಳ್ಳಿ.