ಕಾಲ್ಪನಿಕ ನಾಟಕಕ್ಕೂ ನಿಜ ಘಟನೆ ಆಧರಿಸಿದ ನಾಟಕಕ್ಕೂ ಬರವಣಿಗೆಯಲ್ಲಿ ಏನು ವ್ಯತ್ಯಾಸ?

ಮುಖ್ಯ ವ್ಯತ್ಯಾಸ ಇರುವುದು ಅಂತ್ಯದಲ್ಲಿ. ಕಲ್ಪಿತ ಕಥೆಯಲ್ಲಿ ಪಾತ್ರದ ಗತಿ ನಾಟಕಕಾರನ ಕೈಯಲ್ಲಿರುತ್ತದೆ. ಇತಿಹಾಸದಲ್ಲಿ ಅದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಹಾಗಾಗಿ 'ಮುಂದೇನು' ಎಂಬ ಕುತೂಹಲದ ಜಾಗದಲ್ಲಿ 'ಯಾಕೆ ಹೀಗಾಯಿತು' ಎಂಬುದನ್ನು ಕಟ್ಟಬೇಕು.

ಗಿರೀಶ ಕಾರ್ನಾಡರ 'ತುಘಲಕ್' (1964) ನೋಡಿ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ರಾಜಧಾನಿ ದೌಲತಾಬಾದಿಗೆ ಹೋದದ್ದು, ತಾಮ್ರದ ನಾಣ್ಯ ತಂದದ್ದು ದಾಖಲಾದ ಸಂಗತಿ. ಆದರೆ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ನ್ಯಾಯವ್ಯವಸ್ಥೆಯನ್ನೇ ದುರುಪಯೋಗ ಮಾಡಿಕೊಳ್ಳುವ ಅಗಸ ಅಜೀಜ್ ಕಲ್ಪನೆ. ಅವನಿಲ್ಲದಿದ್ದರೆ ಅರಮನೆಯ ಆದರ್ಶ ಬೀದಿಗಿಳಿದಾಗ ಏನಾಗುತ್ತದೆ ಎಂಬುದು ರಂಗದ ಮೇಲೆ ಕಾಣುತ್ತಲೇ ಇರಲಿಲ್ಲ. ಸುಲ್ತಾನ ಸತ್ತದ್ದು 1351ರಲ್ಲಿ. ನಾಟಕ ಅಲ್ಲಿಯವರೆಗೆ ಹೋಗುವುದೇ ಇಲ್ಲ, ಅವನು ನಿದ್ದೆಗೆ ಜಾರಿ ಗಲಿಬಿಲಿಯಿಂದ ಏಳುವಲ್ಲಿ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಆಯ್ಕೆಯೇ ಇಲ್ಲಿ ದೊಡ್ಡ ಕೌಶಲ.

ಕಾರ್ನಾಡರದೇ ಕಾಲ್ಪನಿಕ ನಾಟಕ 'ಹಯವದನ'ಕ್ಕೆ ಈ ಕಟ್ಟುಪಾಡಿಲ್ಲ. ಬದಲಿಗೆ, ತಲೆಗಳು ಅದಲುಬದಲಾಗುವ ಲೋಕವನ್ನು ಭಾಗವತ, ಮುಖವಾಡಗಳ ಮೂಲಕ ಪ್ರೇಕ್ಷಕರು ಮೊದಲೇ ಒಪ್ಪುವಂತೆ ಮಾಡಬೇಕು.

ಐತಿಹಾಸಿಕ ನಾಟಕದಲ್ಲಿ ಹೊಸಬರು ಎಡವುವುದು ಓದಿದ್ದನ್ನೆಲ್ಲ ಸಂಭಾಷಣೆಗೆ ತುರುಕಿ. 'ಜಹಾಂಪನಾ, ನೀವು 1325ರಲ್ಲಿ ಪಟ್ಟವೇರಿದಾಗಿನಿಂದ…' ಎಂದು ಯಾರೂ ಮಾತಾಡುವುದಿಲ್ಲ. ಅಂಥ ವಿವರವನ್ನು ಡಂಗುರ ಸಾರುವವನ ಬಾಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿ.